ಸ್ಕಾಟಿ ಮಾಡಿದ ಒಂದು ದೂರವಾಣಿ ಕರೆ

ನಟ ನಟಿಯರಿಗೆ ಬರುವ ಅಭಿಮಾನಿಗಳ ಪತ್ರಗಳಿಗೆ ಲೆಕ್ಕವಿಲ್ಲ. ಭಾವಚಿತ್ರ ಬೇಡುವವರು, ಹಸ್ತಾಕ್ಷರ ಕೇಳುವವರು, ಮದುವೆಯಾಗುತ್ತೀರಾ ಎನ್ನುವವರು ಎಲ್ಲರೂ ಅಲ್ಲಿರುತ್ತಾರೆ. ಆದರೆ ಅಮೆರಿಕದ ಕಿರುತೆರೆಯಲ್ಲಿ ಹೆಸರು ಮಾಡಿದ ಜೇಮ್ಸ್ ಡೂಹನ್ ಅವರ ಕೈಗೆ ಬಂದ ಒಂದು ಪತ್ರ ಬದಿಗಿಡುವಂಥದ್ದಾಗಿರಲಿಲ್ಲ. ಬದುಕು ಸಾಕಾಗಿದೆ, ಮುಗಿಸಿಕೊಳ್ಳುತ್ತೇನೆ ಎಂದು ಅಭಿಮಾನಿಯೊಬ್ಬಳು ಅದರಲ್ಲಿ ಬರೆದಿದ್ದಳು.

1980ರ ದಶಕದಲ್ಲಿ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ನೋಡಿದ ತಂದೆತಾಯಿಯರಿಗೆ ಡೂಹನ್ ಮುಖ ನೆನಪಿರಬಹುದು. ಅಮೆರಿಕದಲ್ಲಿ 1966ರಿಂದ 1969ರವರೆಗೆ ಪ್ರಸಾರವಾದ ಆ ಧಾರಾವಾಹಿಯಲ್ಲಿ ‘ಎಂಟರ್‌ಪ್ರೈಸ್’ ಎಂಬ ವ್ಯೋಮನೌಕೆಯ ಎಂಜಿನ್‌ಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಸ್ಕಾಟಿ ಅವರೇ. 1920ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿದ ಡೂಹನ್, ನಟನಾಗುವ ಮೊದಲು ಸೈನಿಕ. 1944ರ ಜೂನ್ 6ರಂದು ನಾರ್ಮಂಡಿಯ ಕಡಲ ತೀರದಲ್ಲಿ ಇಳಿದ ಪಡೆಗಳಲ್ಲಿ ಅವರಿದ್ದರು. ಅಂದು ರಾತ್ರಿ ತಮ್ಮದೇ ಕಡೆಯ ಕಾವಲುಗಾರನೊಬ್ಬ ಗಾಬರಿಯಲ್ಲಿ ಹಾರಿಸಿದ ಗುಂಡುಗಳು ಅವರಿಗೆ ತಗುಲಿ, ಬಲಗೈಯ ನಡುಬೆರಳು ಹೋಯಿತು. ಎದೆಗೆ ಬಂದ ಗುಂಡನ್ನು ಜೇಬಿನಲ್ಲಿದ್ದ ಬೆಳ್ಳಿಯ ಸಿಗರೇಟು ಡಬ್ಬಿ ತಡೆಯಿತು. ಸಾವನ್ನು ಇಷ್ಟು ಹತ್ತಿರದಿಂದ ಕಂಡಿದ್ದವರ ಕೈಗೆ ಆ ಪತ್ರ ಸೇರಿತ್ತು.

1996ರಲ್ಲಿ ಡೂಹನ್ ಅವರ ಆತ್ಮಕಥೆ ‘ಬೀಮ್ ಮಿ ಅಪ್, ಸ್ಕಾಟಿ’ ಪ್ರಕಟವಾಯಿತು. ಆದರೆ ಅವರ ನೆನಪುಗಳಲ್ಲಿ ಜನರು ಇಂದಿಗೂ ಹೇಳಿಕೊಳ್ಳುವುದು, ಕ್ಯಾಮೆರಾದ ಮುಂದೆ ಕುಳಿತು ಅವರು ಒದ್ದೆ ಕಣ್ಣಿನಿಂದ ಹೇಳಿದ ಈ ಪತ್ರದ ಪ್ರಸಂಗವನ್ನೇ.

ಪತ್ರ ಓದಿದ ಡೂಹನ್ ಆಕೆಯ ದೂರವಾಣಿ ಸಂಖ್ಯೆ ಹುಡುಕಿಸಿ ತಾವೇ ಕರೆ ಮಾಡಿದರು. ಉಪದೇಶ ಮಾಡಲಿಲ್ಲ. ಇಂಡಿಯಾನಾಪೊಲಿಸ್ ನಗರದಲ್ಲಿ ನಡೆಯಲಿರುವ ಅಭಿಮಾನಿಗಳ ಸಮಾವೇಶಕ್ಕೆ ತಾನು ಬರುತ್ತೇನೆ, ನೀನೂ ಅಲ್ಲಿಗೆ ಬರಬೇಕು ಎಂದರು. ಆಕೆ ಬಂದಳು. ಅವಳ ಸ್ಥಿತಿ ನೋಡಿದಾಗ, ಏನಾದರೂ ಮಾಡಲೇಬೇಕು ಎಂದು ಡೂಹನ್‌ಗೆ ಅನಿಸಿತು. ಎರಡು ವಾರದ ನಂತರ ಸೇಂಟ್ ಲೂಯಿಸ್‌ನಲ್ಲಿರುತ್ತೇನೆ, ಅಲ್ಲಿಗೂ ಬಾ ಎಂದರು. ಅಲ್ಲಿಗೂ ಬಂದಳು. ಆಮೇಲೆ ಇನ್ನೊಂದು ಊರು, ಮತ್ತೊಂದು ಊರು. ಎರಡು ಮೂರು ವರ್ಷ ಹೀಗೇ ನಡೆಯಿತು. ತಾನು ಮಾಡಿದ್ದು ಧೈರ್ಯದ ನಾಲ್ಕು ಮಾತು ಆಡಿದ್ದಷ್ಟೇ ಎಂದು ಅವರು ಹೇಳಿಕೊಂಡರು.

ಆಮೇಲೆ ಆಕೆಯ ಸುದ್ದಿಯೇ ಇಲ್ಲ. ಬದುಕಿದ್ದಾಳೋ ಇಲ್ಲವೋ ತಿಳಿಯದು. ಎಂಟು ವರ್ಷಗಳ ಬಳಿಕ ಒಂದು ಪತ್ರ ಬಂತು. ಅದರಲ್ಲಿ ಕೃತಜ್ಞತೆಯ ಮಾತಿತ್ತು, ಜೊತೆಗೆ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದೆ ಎಂಬ ಸುದ್ದಿಯೂ ಇತ್ತು!

ಕೇಳಿದವರು ಏನೆನ್ನುತ್ತಾರೆ?

ಈ ಪ್ರಸಂಗಕ್ಕೆ ಬರುವ ಪ್ರತಿಕ್ರಿಯೆ ಒಂದೇ ಬಗೆಯದಲ್ಲ. ಬಹಳ ಮಂದಿ ಕಣ್ಣೊರೆಸಿಕೊಂಡು, ತಾರೆ ಎಂದರೆ ಹೀಗಿರಬೇಕು ಎನ್ನುತ್ತಾರೆ. ಇದಕ್ಕೆ ಡೂಹನ್ ಅವರ ಮಾತೊಂದೇ ಆಧಾರವಲ್ಲವೇ ಎಂದು ಅನುಮಾನಿಸುವವರೂ ಇದ್ದಾರೆ. ಆಕೆಯ ಹೆಸರನ್ನು ಅವರು ಬಹಿರಂಗಪಡಿಸಲಿಲ್ಲ ನಿಜ. ಆದರೆ ನೊಂದ ಜೀವವೊಂದರ ಗುಟ್ಟನ್ನು ಕಾಪಾಡುವುದೂ ಸ್ನೇಹದ ಒಂದು ಭಾಗವೇ ತಾನೆ?

ಗಂಭೀರವಾದ ಆಕ್ಷೇಪ ಬೇರೊಂದಿದೆ. ಮನೋವೈದ್ಯರು ಮಾಡಬೇಕಾದ ಕೆಲಸಕ್ಕೆ ನಟ ಕೈಹಾಕಬಹುದೇ? ಆಕೆ ಅವರನ್ನೇ ಆಸರೆಯಾಗಿ ಹಿಡಿದು ಕುಳಿತಿದ್ದರೆ ಗತಿಯೇನು? ಈ ಪ್ರಶ್ನೆಗೆ ಶಾಸ್ತ್ರದ ಬೆಂಬಲವೂ ಇದೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು 1956ರಲ್ಲೇ ಒಂದು ವಿಷಯದತ್ತ ಬೆರಳು ತೋರಿಸಿದ್ದರು. ಪರದೆಯ ಮೇಲಿನ ವ್ಯಕ್ತಿಯನ್ನು ದಿನವೂ ನೋಡುವ ಪ್ರೇಕ್ಷಕನಿಗೆ ಆತ ತನ್ನ ಆಪ್ತನೆಂದೇ ಅನಿಸತೊಡಗುತ್ತದೆ. ಆದರೆ ಪರದೆಯ ಆಚೆಯಿರುವವನಿಗೆ ಈ ಪ್ರೇಕ್ಷಕ ಯಾರೆಂದೇ ಗೊತ್ತಿರುವುದಿಲ್ಲ. ಇದು ಏಕಮುಖ ಸ್ನೇಹ. ಒಂಟಿತನದಲ್ಲಿರುವ ಹರೆಯದವರು ಇದಕ್ಕೆ ಹೆಚ್ಚು ಜೋತುಬೀಳಬಹುದು.

ಈ ಏಕಮುಖ ಸ್ನೇಹವನ್ನು ಕಂಡು ಬೇರೆ ರೀತಿ ನಡೆದುಕೊಂಡ ನಟರೂ ಇದ್ದರು. ಬ್ರಿಟನ್ನಿನ ಅಲೆಕ್ ಗಿನ್ನೆಸ್ ಅವರಲ್ಲೊಬ್ಬರು. ರಾಮನಗರ ಮತ್ತು ಸಾವನದುರ್ಗದ ಬಂಡೆಗಳಲ್ಲಿ ಗುಹೆಯ ದೃಶ್ಯಗಳನ್ನು ಚಿತ್ರಿಸಿಕೊಂಡ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲಿ ಪ್ರೊಫೆಸರ್ ಗೋಡ್ಬೋಲೆಯ ಪಾತ್ರ ಮಾಡಿದವರು ಇವರು. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲೂ ನಟಿಸಿದ್ದರು. ಆ ಚಿತ್ರವನ್ನು ನೂರಕ್ಕೂ ಹೆಚ್ಚು ಬಾರಿ ನೋಡಿದ್ದೇನೆ ಎಂದು ಹೆಮ್ಮೆಯಿಂದ ಹೇಳಿಕೊಂಡ ಹುಡುಗನೊಬ್ಬನಿಗೆ, ಇನ್ನು ಮುಂದೆ ಅದನ್ನು ನೋಡುವುದಿಲ್ಲವೆಂದು ಮಾತು ಕೊಡುವೆಯಾ ಎಂದು ಗಿನ್ನೆಸ್ ಕೇಳಿದರಂತೆ. ಹುಡುಗ ಅತ್ತುಬಿಟ್ಟ. ತಾಯಿ ಸಿಟ್ಟಾಗಿ ಮಗನನ್ನು ಕರೆದುಕೊಂಡು ಹೋದಳು. 1999ರಲ್ಲಿ ಬಂದ ತಮ್ಮ ನೆನಪಿನ ಪುಸ್ತಕದಲ್ಲಿ ಗಿನ್ನೆಸ್ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹುಡುಗ ಕಲ್ಪನಾಲೋಕದಲ್ಲೇ ಕಳೆದುಹೋಗಬಾರದು ಎಂಬುದು ಅವರ ಕಾಳಜಿ.

ಗಿನ್ನೆಸ್ ಹೇಳಿದ್ದು ತಪ್ಪೆಂದು ಸಾಧಿಸುವುದು ಕಷ್ಟ. ಆದರೆ ಅವರು ಹುಡುಗನ ಕೈಯಲ್ಲಿದ್ದುದನ್ನು ಬಿಡು ಎಂದರು, ಬದಲಿಗೆ ಏನನ್ನೂ ಕೊಡಲಿಲ್ಲ. ಡೂಹನ್ ಬಿಡು ಎನ್ನಲಿಲ್ಲ. ಇಂಥ ದಿನ ಇಂಥ ಊರಿಗೆ ಬಾ ಎಂದರು. ಪರದೆಯ ಮೇಲಿನ ಏಕಮುಖ ಸ್ನೇಹ ಆ ಒಂದು ಕರೆಯಿಂದ ಎದುರುಬದುರಿನ ಮಾತುಕತೆಯಾಯಿತು. ಆ ಮಾತುಕತೆಯಾದರೂ ಯಾವಾಗಲೂ ನಾಲ್ಕು ಜನರ ನಡುವಿನ ಸಭೆಯಲ್ಲೇ ನಡೆದದ್ದು ಗಮನಿಸಬೇಕಾದ ಅಂಶ.

ಇಪ್ಪತ್ತನಾಲ್ಕು ಪತ್ರಗಳ ಪ್ರಯೋಗ

ಇಷ್ಟು ಸಣ್ಣ ಕೆಲಸದಿಂದ ನಿಜವಾಗಿಯೂ ಉಪಯೋಗವಿದೆಯೇ? ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೋಟೊ ಇದನ್ನು ಪರೀಕ್ಷಿಸಿ ನೋಡಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪರದೇಶದಲ್ಲಿದ್ದ ಅವರಿಗೆ ಪರಿಚಯದ ಹುಡುಗಿಯೊಬ್ಬಳು ತಪ್ಪದೆ ಪತ್ರ ಬರೆಯುತ್ತಿದ್ದಳು. ಆ ಪತ್ರಗಳು ಕೊಟ್ಟ ನೆಮ್ಮದಿಯನ್ನು ಅವರು ಮರೆಯಲಿಲ್ಲ.

ಖಿನ್ನತೆ ಅಥವಾ ಆತ್ಮಹತ್ಯೆಯ ಯೋಚನೆಯಿಂದ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಚಿಕಿತ್ಸೆ ಮುಂದುವರಿಸಲು ಒಪ್ಪದ 843 ಮಂದಿಯನ್ನು ಮೋಟೊ ಆರಿಸಿಕೊಂಡರು. ಅವರನ್ನು ಯಾವ ಪಕ್ಷಪಾತವೂ ಇಲ್ಲದೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಐದು ವರ್ಷಗಳಲ್ಲಿ 24 ಸಲ ಚಿಕ್ಕ ಪತ್ರಗಳು ಹೋದವು. ಚೆನ್ನಾಗಿದ್ದೀರೆಂದು ಭಾವಿಸಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಅದರ ಒಕ್ಕಣೆ. ಔಷಧಿ ತೆಗೆದುಕೊಂಡಿರಾ ಎಂಬ ವಿಚಾರಣೆಯಿಲ್ಲ, ಆಸ್ಪತ್ರೆಗೆ ಬನ್ನಿ ಎಂಬ ಒತ್ತಾಯವಿಲ್ಲ. ಇನ್ನೊಂದು ಗುಂಪಿಗೆ ಪತ್ರವಿಲ್ಲ.

2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪತ್ರ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ ಕಡಿಮೆಯಿತ್ತು. ಮೊದಲ ಎರಡು ವರ್ಷಗಳಲ್ಲಂತೂ ವ್ಯತ್ಯಾಸ ಸ್ಪಷ್ಟವಾಗಿತ್ತು. ನಂತರ ಬೇರೆಯವರು ನಡೆಸಿದ ಇಂಥ ಎಲ್ಲ ಪ್ರಯೋಗಗಳಲ್ಲೂ ಇಷ್ಟೇ ಖಚಿತ ಫಲ ಬಂದಿಲ್ಲ. ಆದ್ದರಿಂದ ಪತ್ರವನ್ನು ಚಿಕಿತ್ಸೆಗೆ ಬದಲಿ ಎಂದು ಯಾರೂ ತಿಳಿಯಬಾರದು. ಆದರೆ ‘ನನ್ನನ್ನು ಒಬ್ಬರು ನೆನೆಯುತ್ತಿದ್ದಾರೆ’ ಎಂಬ ಅರಿವಿಗೂ ತೂಕವಿದೆ ಎಂಬುದಕ್ಕೆ ಇದು ಪುರಾವೆ.

ಮನೆಯಲ್ಲಿ, ತರಗತಿಯಲ್ಲಿ

ಡೂಹನ್ ಮಾಡಿದ್ದಕ್ಕೆ ತಾರಾಪಟ್ಟ ಬೇಕಾಗಿಲ್ಲ. ಪರೀಕ್ಷೆಯ ಫಲಿತಾಂಶದ ನಂತರ ಮಾತು ಬಿಟ್ಟ ಮಗ, ಊಟ ಬೇಡವೆಂದು ಕೋಣೆ ಸೇರುವ ಮಗಳು, ಸ್ನೇಹಿತರಿಂದ ದೂರವಾದ ಸಹಪಾಠಿ, ಇವರಿಗೆ ‘ಧೈರ್ಯವಾಗಿರು’ ಎಂಬ ಒಂದು ಮಾತು ಸಾಲದು. ‘ನಾಳೆ ಸಂಜೆ ಐದಕ್ಕೆ ಬರುತ್ತೇನೆ, ಇಬ್ಬರೂ ನಡೆದುಕೊಂಡು ಹೋಗಿಬರೋಣ’ ಎಂಬ ಮಾತು ಬೇಕು. ಹೇಳಿದ ಹೊತ್ತಿಗೆ ಹೋಗಬೇಕು. ಹೊರಡುವ ಮೊದಲು ಮತ್ತೆ ಯಾವಾಗ ಎಂದು ಹೇಳಿಯೇ ಬರಬೇಕು.

ಸಾವಿನ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಎಲ್ಲಿ ಆ ಯೋಚನೆಯನ್ನೇ ತಲೆಗೆ ತುಂಬಿದಂತಾಗುತ್ತದೋ ಎಂಬ ಹೆದರಿಕೆ ಹೆತ್ತವರಿಗಿದೆ. ಸಂಶೋಧನೆಗಳು ಈ ಹೆದರಿಕೆಯನ್ನು ಸಮರ್ಥಿಸುವುದಿಲ್ಲ. ಮೃದುವಾಗಿ, ನೇರವಾಗಿ ಕೇಳುವುದರಿಂದ ಮಕ್ಕಳ ಎದೆಭಾರ ಇಳಿಯಬಹುದು. ಹೌದೆಂಬ ಉತ್ತರ ಬಂದರೆ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸ್ನೇಹಿತನ ಬಾಯಿಂದ ಇಂಥ ಮಾತು ಕೇಳಿದ ವಿದ್ಯಾರ್ಥಿಯೂ ಗುಟ್ಟೆಂದು ಮುಚ್ಚಿಡದೆ ಹಿರಿಯರೊಬ್ಬರಿಗೆ ತಿಳಿಸಲೇಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನವಿರುವ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಡೂಹನ್ 2005ರ ಜುಲೈ 20ರಂದು ತೀರಿಕೊಂಡರು. ತೆರೆಯ ಮೇಲೆ ಎಂಜಿನಿಯರ್ ಆಗಿದ್ದ ಅವರನ್ನು ಕಂಡು ಎಂಜಿನಿಯರಿಂಗ್ ಆರಿಸಿಕೊಂಡವರು ಅನೇಕರು. ಅದಕ್ಕಾಗಿ ಮಿಲ್ವಾಕಿಯ ಎಂಜಿನಿಯರಿಂಗ್ ಕಾಲೇಜೊಂದು ಅವರಿಗೆ ಗೌರವ ಡಾಕ್ಟರೇಟ್ ನೀಡಿತ್ತು. ಯುದ್ಧಭೂಮಿ, ಕೀರ್ತಿ, ಗೌರವ ಪದವಿ ಎಲ್ಲವನ್ನೂ ಕಂಡ ಆ ಮನುಷ್ಯ, ತನ್ನ ಬದುಕಿನಲ್ಲಿ ಮಾಡಿದ ಅತ್ಯುತ್ತಮ ಕೆಲಸ ಯಾವುದೆಂದರೆ ಆ ಹುಡುಗಿಗೆ ನೆರವಾದದ್ದು ಎಂದು ಹೇಳಿದರು.