ಪರದೆಯಾಚೆಯ ಅಪರಿಚಿತ

ಪತ್ರಮಿತ್ರರ ಕಾಲವೊಂದಿತ್ತು. ವಾರಪತ್ರಿಕೆಗಳ ಹಿಂದಿನ ಪುಟಗಳಲ್ಲಿ ಹೆಸರು, ವಯಸ್ಸು, ಹವ್ಯಾಸ, ಅದರ ಕೆಳಗೆ ಪಿನ್‌ಕೋಡ್ ಸಮೇತ ಪೂರ್ತಿ ವಿಳಾಸ! ಅಂಚೆಚೀಟಿ ಕೂಡಿಡುವ ಶಿರಸಿಯ ಹುಡುಗ ರಾಯಚೂರಿನ ಹುಡುಗನಿಗೆ ಇನ್‌ಲ್ಯಾಂಡ್ ಪತ್ರ ಹಾಕಿದರೆ ಉತ್ತರಕ್ಕೆ ಹತ್ತು ಹದಿನೈದು ದಿನ ಕಾಯಬೇಕು. ಬಂದ ಕಾಗದ ಮೊದಲು ಅಪ್ಪನ ಕೈಗೆ, ಆಮೇಲೆ ಅಮ್ಮನ ಕೈಗೆ, ಕೊನೆಗೆ ಹುಡುಗನಿಗೆ. ಮನೆಯ ವಿಳಾಸವನ್ನು ಊರಿಗೆಲ್ಲ ಅಚ್ಚು ಹಾಕಿಸಿದ್ದು ಎಂಥ ಅಜಾಗರೂಕತೆ ಎಂದು ಈಗ ಅನ್ನಿಸೀತು. ಆದರೆ ಆ ಸ್ನೇಹಕ್ಕೆ ಎರಡು ಕಾವಲುಗಳಿದ್ದವು. ಒಂದು ಸಮಯ, ಇನ್ನೊಂದು ಮನೆಯವರ ಕಣ್ಣು.

ಇಂದಿನ ಹುಡುಗ ಹುಡುಗಿಯರಲ್ಲಿರುವುದೂ ಅದೇ ಕುತೂಹಲ. ಕಾವಲುಗಳು ಮಾತ್ರ ಇಲ್ಲ. ರ‍್ಯಾಂಡಮ್ ವಿಡಿಯೊ ಚಾಟ್ ಎಂದು ಕರೆಸಿಕೊಳ್ಳುವ ಅಂತರ್ಜಾಲ ತಾಣಗಳಲ್ಲಿ ಎಷ್ಟೋ ಕಡೆ ಹೆಸರೂ ಬೇಡ, ನೋಂದಣಿಯೂ ಬೇಡ. ಗುಂಡಿ ಒತ್ತಿದರೆ ಜಗತ್ತಿನ ಯಾವುದೋ ಮೂಲೆಯ ಒಂದು ಮುಖ ಎದುರಿಗೆ. ಬೇಸರವಾಯಿತೇ? ಇನ್ನೊಮ್ಮೆ ಒತ್ತಿದರೆ ಇನ್ನೊಂದು ಮುಖ.

ಈ ಆಟವನ್ನು ಶುರುಮಾಡಿದವರೂ ಹುಡುಗರೇ. 2009ರ ಮಾರ್ಚ್‌ನಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಲೀಫ್ ಕೆ-ಬ್ರೂಕ್ಸ್ ಎಂಬ 18ರ ತರುಣ ‘ಓಮೆಗಲ್’ ಆರಂಭಿಸಿದ. ಮೊದಲು ಬರೀ ಅಕ್ಷರದ ಹರಟೆಯಿದ್ದ ಅಲ್ಲಿಗೆ ಮರುವರ್ಷ ವಿಡಿಯೊ ಬಂತು. ಅದೇ 2009ರ ನವೆಂಬರ್‌ನಲ್ಲಿ ಮಾಸ್ಕೋದ 17ರ ವಿದ್ಯಾರ್ಥಿ ಆಂಡ್ರೆ ಟೆರ್ನೋವ್‌ಸ್ಕಿ ‘ಚಾಟ್‌ರೂಲೆಟ್’ ತಂದ. ರಿವಾಲ್ವರಿನಲ್ಲಿ ಒಂದೇ ಗುಂಡಿಟ್ಟು, ತಿರುಗಿಸಿ, ಹಣೆಗೆ ಹಿಡಿದು ಕುದುರೆ ಎಳೆಯುವ ರಷ್ಯನ್ ರೂಲೆಟ್ ಜೂಜಿನಿಂದ ಬಂದ ಹೆಸರದು. ಹೆಸರಿಡುವಾಗ ಹುಡುಗ ಸುಳ್ಳು ಹೇಳಲಿಲ್ಲ ಎನ್ನಬೇಕು.

ಹಾಗೆಂದು ಎಲ್ಲವೂ ಕೆಟ್ಟದ್ದಲ್ಲ. ಹ್ಯಾರಿ ಮ್ಯಾಕ್ ಎಂಬ ಅಮೆರಿಕದ ರ‍್ಯಾಪ್ ಗಾಯಕ ಓಮೆಗಲ್‌ನಲ್ಲಿ ಎದುರಾದ ಅಪರಿಚಿತರಿಂದ ಮೂರು ಪದ ಕೇಳಿ ಪಡೆದು, ಅಲ್ಲೇ ಹಾಡು ಕಟ್ಟಿ ಹಾಡುತ್ತಿದ್ದ. ಕೇಳಿದವರ ಮುಖ ಅರಳುವುದನ್ನು ನೋಡಲೆಂದೇ ಆ ವಿಡಿಯೊಗಳಿಗೆ ಜನ ಮುಗಿಬಿದ್ದರು. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲಿ ಕೂತು ಸಾಕಾದ ಮಕ್ಕಳಿಗೆ ಇಂಥ ತಾಣಗಳೇ ಕಿಟಕಿಯಾದವು. ಇಂಗ್ಲಿಷ್ ಮಾತಾಡಲು ನಾಚುವ ವಿದ್ಯಾರ್ಥಿಗೆ, ತಪ್ಪಾದರೂ ಮತ್ತೆಂದೂ ಸಿಗದ ಅಪರಿಚಿತನ ಮುಂದೆ ಬಾಯಿ ಬಿಡುವುದು ಸುಲಭ. ಈ ಸೆಳೆತ ಅರ್ಥವಾಗದ ತಂದೆತಾಯಿ ಬರೀ ‘ಬೇಡ’ ಎಂದರೆ ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡಾರು, ಅಷ್ಟೆ.

ಮೂರು ವರ್ಷದ ಮೌನ

ಓಮೆಗಲ್ ಮುಚ್ಚಿಹೋದ ಕಥೆಯನ್ನು ಮಕ್ಕಳೂ ಹೆತ್ತವರೂ ಒಟ್ಟಿಗೆ ತಿಳಿಯುವುದು ಒಳ್ಳೆಯದು. 2014ರಲ್ಲಿ ಅಮೆರಿಕದ 11 ವರ್ಷದ ಹುಡುಗಿಯೊಬ್ಬಳಿಗೆ ಆ ತಾಣ ಜೋಡಿ ಮಾಡಿಕೊಟ್ಟಿದ್ದು ಕೆನಡಾದ ಒಬ್ಬ ವಯಸ್ಕನನ್ನು. ಆತ ಗದರಲಿಲ್ಲ. ಮೊದಲು ಸಮಾಧಾನದ ಮಾತಾಡಿದ, ವಿಶ್ವಾಸ ಗಳಿಸಿದ, ಆಮೇಲೆ ಚಿತ್ರಗಳನ್ನು ಕೇಳಿದ. ಒಂದು ಚಿತ್ರ ಕೈಗೆ ಸಿಕ್ಕ ಮೇಲೆ ಅದೇ ಸರಪಳಿಯಾಯಿತು. ನೀನೂ ತಪ್ಪು ಮಾಡಿದ್ದೀಯೆ ಎಂಬ ಭಾವನೆ ತುಂಬಿ ಮೂರು ವರ್ಷ ಅವಳನ್ನು ಹಿಂಸಿಸಿದ. ಅಷ್ಟೂ ಕಾಲ ಅವಳು ಇದ್ದದ್ದು ತನ್ನ ಮನೆಯಲ್ಲೇ, ಹೆತ್ತವರ ಜೊತೆಯಲ್ಲೇ!

ಬೆಳೆದ ಮೇಲೆ ಆಕೆ 2021ರಲ್ಲಿ ಓರೆಗನ್‌ನ ನ್ಯಾಯಾಲಯದಲ್ಲಿ ತಾಣದ ಮೇಲೇ ದಾವೆ ಹೂಡಿದಳು. ಬಳಕೆದಾರರು ಆಡುವ ಮಾತಿಗೆ ತಾಣ ಹೊಣೆಯಲ್ಲ ಎಂಬ ಕಾನೂನಿನ ರಕ್ಷಣೆ ಅಮೆರಿಕದಲ್ಲಿದೆ. ಅವಳ ವಾದ ಬೇರೆಯಿತ್ತು. ಮಕ್ಕಳನ್ನೂ ದೊಡ್ಡವರನ್ನೂ ಒಂದೇ ಕೋಣೆಗೆ ತಂದು ಕೂರಿಸುವ ವಿನ್ಯಾಸವೇ ದೋಷಪೂರಿತ ಎಂಬುದು. 2022ರಲ್ಲಿ ನ್ಯಾಯಾಧೀಶರು ಈ ವಾದ ಮುಂದುವರಿಯಬಹುದೆಂದರು. 2023ರ ನವೆಂಬರ್‌ನಲ್ಲಿ ರಾಜಿಯಾಯಿತು. ಓಮೆಗಲ್ ಬಾಗಿಲು ಹಾಕಿತು. ತಾಣದ ಮುಖಪುಟದಲ್ಲಿ ಗೋರಿಕಲ್ಲಿನ ಚಿತ್ರ, ಜೊತೆಗೆ ಸ್ಥಾಪಕನ ದೀರ್ಘ ಪತ್ರ. ತಾಣಕ್ಕೆ ತೆತ್ತ ಮಾನವೀಯ ಬೆಲೆಯ ಬಗ್ಗೆ ಕಣ್ಣು ತೆರೆಸಿದ್ದಕ್ಕಾಗಿ ಆಕೆಗೆ ಅದರಲ್ಲಿ ಕೃತಜ್ಞತೆ ಹೇಳಲಾಗಿತ್ತು.

ಒಂದು ಅಂಗಡಿ ಮುಚ್ಚಿದರೆ ಪೇಟೆ ಮುಚ್ಚುವುದಿಲ್ಲವಲ್ಲ. ಅಂಥದೇ ತಾಣಗಳೂ ಆ್ಯಪ್‌ಗಳೂ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತಲೇ ಇವೆ. 18 ತುಂಬಿರಬೇಕು ಎಂಬ ನಿಯಮ ಹಲವು ಕಡೆ ಉಂಟು. ತುಂಬಿದೆ ಎಂದು ಗುಂಡಿ ಒತ್ತಿದರೆ ಎಷ್ಟೋ ಕಡೆ ಅಲ್ಲಿಗೆ ತಪಾಸಣೆ ಮುಗಿಯಿತು. ಶಾಲೆಯ ಮಕ್ಕಳಿಗೆ ಇವು ಸಲ್ಲದವು ಎಂಬುದರಲ್ಲಿ ಎರಡು ಮಾತಿಲ್ಲ. ಕಾಲೇಜಿನವರು ಹೋಗುವುದೇ ಆದರೆ ಅಲ್ಲಿಯ ವ್ಯವಹಾರ ಹೇಗೆಂದು ತಿಳಿದು ಹೋಗಬೇಕು.

ಹತ್ತೇ ನಿಮಿಷ

ಡಿಗ್ರಿ ಓದುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ರಾತ್ರಿ ಹನ್ನೊಂದು ಗಂಟೆ. ಪರದೆಯ ಮೇಲೆ ಚೆಂದದ ಹುಡುಗಿ. ಮೈಕ್ ಸರಿಯಿಲ್ಲವೆಂದು ಟೈಪ್ ಮಾಡುತ್ತಾಳೆ. ‘ಇಲ್ಲಿ ಬೇಡ, ಇನ್‌ಸ್ಟಾಗ್ರಾಮ್ ಕೊಡು, ವಾಟ್ಸ್‌ಆ್ಯಪ್‌ಗೆ ಬಾ’ ಎನ್ನುತ್ತಾಳೆ. ಹುಡುಗ ಕೊಡುತ್ತಾನೆ. ವಿಡಿಯೊ ಕರೆಯಲ್ಲಿ ಸಲಿಗೆ ಮಿತಿ ದಾಟುತ್ತದೆ. ಕರೆ ಕಡಿಯುತ್ತದೆ. ಮರುಕ್ಷಣ ಅವನದೇ ವಿಡಿಯೊ ಅವನಿಗೆ ಬರುತ್ತದೆ. ಜೊತೆಗೆ ಅವನ ಇನ್‌ಸ್ಟಾಗ್ರಾಮ್ ಬಳಗದ ಪಟ್ಟಿ: ಅಕ್ಕ, ಚಿಕ್ಕಪ್ಪ, ಕಾಲೇಜಿನ ಮೇಷ್ಟ್ರು. ‘ಹತ್ತು ನಿಮಿಷದಲ್ಲಿ ಐದು ಸಾವಿರ ಹಾಕು, ಇಲ್ಲವಾದರೆ ಎಲ್ಲರಿಗೂ ಹೋಗುತ್ತದೆ.’

ಅಲ್ಲಿ ಹುಡುಗಿಯೇ ಇರಲಿಲ್ಲ. ಮೊದಲೇ ಚಿತ್ರೀಕರಿಸಿದ ವಿಡಿಯೊವನ್ನು ಕ್ಯಾಮೆರಾದ ಬದಲು ಓಡಿಸುವ ತಂತ್ರಾಂಶವಿದೆ. ‘ಎಡಗೈಯ ಮೂರು ಬೆರಳು ತೋರಿಸು’ ಎಂದು ಕೇಳಿದರೆ ಹಳೆಯ ವಿಡಿಯೊ ತಡಬಡಾಯಿಸುತ್ತದೆ; ಆದರೆ ಮುಖ ಬದಲಿಸುವ ತಂತ್ರಗಳೂ ಈಗ ಬಂದಿರುವುದರಿಂದ ಈ ಪರೀಕ್ಷೆಯಲ್ಲಿ ಪಾಸಾದವರೆಲ್ಲ ಸಾಚಾ ಎನ್ನಲಾಗದು. ಹಣ ಕೊಟ್ಟರೆ ಮುಗಿಯಿತೇ? ಮುಗಿಯುವುದಿಲ್ಲ. ಕೊಡುವವನೆಂದು ಗೊತ್ತಾದ ಮೇಲೆ ಐದು ಹತ್ತಾಗುತ್ತದೆ, ಹತ್ತು ಐವತ್ತಾಗುತ್ತದೆ. ಕೆಲವೊಮ್ಮೆ ಪೊಲೀಸ್ ಅಧಿಕಾರಿಯೆಂದು ಹೇಳಿಕೊಂಡು ಇನ್ನೊಬ್ಬ ಕರೆ ಮಾಡಿ, ಕೇಸು ಮುಚ್ಚಿಹಾಕಲು ಬೇರೆ ಕೇಳುತ್ತಾನೆ.

ಹತ್ತೇ ನಿಮಿಷದ ಗಡುವು ಏಕೆ? ಗಂಟೆಯಾದರೆ ಹುಡುಗ ಯಾರಿಗಾದರೂ ಹೇಳಿಯಾನು ಎಂಬ ಭಯ ಆ ಕಡೆಯವನಿಗೂ ಇದೆ. ಅಪ್ಪನಿಗೆ ಹೇಳುತ್ತೇನೆ ಎಂಬ ಬೆದರಿಕೆ ನಡೆಯುವುದು ಅಪ್ಪನಿಗೆ ಗೊತ್ತಾಗುವವರೆಗೆ ಮಾತ್ರ.

ಆದ್ದರಿಂದ ಅಪರಿಚಿತರೊಡನೆ ಮಾತಾಡುವಾಗ ನಿಧಾನವೇ ರಕ್ಷೆ. ಮಾತು ಆ ತಾಣದಲ್ಲೇ ಇರಲಿ. ಫೋನ್ ನಂಬರು, ಇನ್‌ಸ್ಟಾಗ್ರಾಮ್ ಕೇಳಿದೊಡನೆ ಕೊಡುವುದು ಮನೆಯ ಬೀಗದ ಕೈ ಕೊಟ್ಟಂತೆ. ಕಳುಹಿಸಿದ ಲಿಂಕ್ ಒತ್ತಬಾರದು, ಹೇಳಿದ ಆ್ಯಪ್ ಹಾಕಿಕೊಳ್ಳಬಾರದು. ಇನ್‌ಸ್ಟಾಗ್ರಾಮ್ ಖಾತೆಯನ್ನು ಪ್ರೈವೇಟ್ ಮಾಡಿಟ್ಟರೆ ಬಳಗದ ಪಟ್ಟಿ ಹೊರಗಿನವರಿಗೆ ಕಾಣದು. ಕ್ಯಾಮೆರಾಕ್ಕೆ ಮುಖ ತೋರಿಸಿದರೆ ಅದು ದಾಖಲಾಗುತ್ತಿದೆ ಎಂದೇ ತಿಳಿಯಬೇಕು.

ಬೆನ್ನ ಹಿಂದಿನ ಗೋಡೆಯನ್ನೂ ಒಮ್ಮೆ ತಿರುಗಿ ನೋಡುವುದು ಮೇಲು. ನಮ್ಮ ಮನೆಗಳ ಗೋಡೆಗಳು ಮಾತಾಡುವಷ್ಟು ಮಕ್ಕಳೂ ಮಾತಾಡುವುದಿಲ್ಲ! ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಊರಿನ ಹೆಸರಿದೆ, ಪ್ರತಿಭಾ ಪುರಸ್ಕಾರದ ಫಲಕದಲ್ಲಿ ಮಗುವಿನ ಹೆಸರು, ಶಾಲೆ, ಇಸವಿ ಎಲ್ಲವೂ ಇದೆ. ಮೊಳೆಗೆ ನೇತುಹಾಕಿದ ಕಾಲೇಜಿನ ಗುರುತಿನ ಚೀಟಿ ಸಾಕು. ಇನ್ನು ಇಂಥ ಕೆಲವು ತಾಣಗಳಲ್ಲಿ ಎರಡು ಕಂಪ್ಯೂಟರುಗಳು ನೇರವಾಗಿ ಸಂಪರ್ಕಿಸುವುದರಿಂದ ಐಪಿ ವಿಳಾಸ ಎದುರಿನವನಿಗೆ ತಿಳಿಯಬಹುದು. ಅದರಿಂದ ಮನೆಬಾಗಿಲು ಗೊತ್ತಾಗುವುದಿಲ್ಲ. ಸುಮಾರು ಯಾವ ಪ್ರದೇಶ, ಯಾವ ಕಂಪೆನಿಯ ಇಂಟರ್ನೆಟ್ ಎಂಬುದು ಗೊತ್ತಾದೀತು. ‘ನೀನೆಲ್ಲಿದ್ದೀಯ ಗೊತ್ತು’ ಎಂದು ಯಾರಾದರೂ ಹೆದರಿಸಿದರೆ ಅವನಿಗೆ ಗೊತ್ತಿರುವುದು ಬಹುತೇಕ ಇಷ್ಟೇ.

ಎಡವಟ್ಟು ಆಗಿಯೇ ಹೋಯಿತೆನ್ನಿ. ಮೊದಲು ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸಬೇಕು. ‘ಅಮ್ಮಾ, ಒಂದು ತಪ್ಪಾಗಿದೆ, ಸ್ವಲ್ಪ ಬಾ’ ಎಂದರೆ ಸಾಕು. ಎದ್ದು ಬಂದ ಅಮ್ಮ ಆ ಹೊತ್ತಿಗೆ ಮೊಬೈಲ್ ಕಿತ್ತುಕೊಂಡು ಬೈಯುವುದನ್ನು ತಡೆದುಕೊಂಡರೆ ಅರ್ಧ ಗೆದ್ದಂತೆ. ಬೈಗುಳಕ್ಕೆ ನಾಳೆಯೂ ದಿನವಿದೆ. ಹಣ ಕೊಡಬಾರದು. ಹೆದರಿ ಸಂದೇಶಗಳನ್ನು ಅಳಿಸಬಾರದು. ಅವನ ನಂಬರು, ಖಾತೆಯ ಹೆಸರು, ಹಣ ಕೇಳಿದ ಯುಪಿಐ ಐಡಿ, ಬೆದರಿಕೆಯ ಮಾತುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಬೇಕು. ಹಣ ಹೋಗಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರುಗಳಿಗೆ ಬೇರೆಯೇ ವಿಭಾಗವಿದ್ದು, ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಮಕ್ಕಳ ಸಹಾಯವಾಣಿ 1098.

ಚಿತ್ರ ಹರಡದಂತೆ ತಡೆಯಲೂ ದಾರಿಯುಂಟು. 18ರೊಳಗೆ ತೆಗೆದ ಚಿತ್ರಗಳಿಗೆ ‘ಟೇಕ್ ಇಟ್ ಡೌನ್’, ದೊಡ್ಡವರ ಚಿತ್ರಗಳಿಗೆ ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಸೇವೆಗಳಿವೆ. ಚಿತ್ರವನ್ನು ಯಾರಿಗೂ ಕಳುಹಿಸಬೇಕಾಗಿಲ್ಲ. ಅದರಿಂದ ತಯಾರಾದ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಫೋನಿನಿಂದ ಹೊರಹೋಗುತ್ತದೆ. ಸೇವೆಗೆ ಸೇರಿದ ಕಂಪೆನಿಗಳು ಆ ಸಂಕೇತ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸ್‌ಆ್ಯಪ್‌ನಂಥ ಖಾಸಗಿ ಸಂದೇಶಗಳೊಳಗೆ ಇದು ನಡೆಯದು ಎಂಬುದನ್ನೂ ತಿಳಿದಿರಬೇಕು.

ಠಾಣೆ ಹತ್ತಿದರೆ ಮರ್ಯಾದೆ ಹೋದೀತು ಎಂದು ಎಷ್ಟೋ ಹೆತ್ತವರು ಹಿಂದೇಟು ಹಾಕುತ್ತಾರೆ. 18 ತುಂಬದ ಹುಡುಗಿಯರಿಗಷ್ಟೇ ಅಲ್ಲ, ಹುಡುಗರಿಗೂ ರಕ್ಷಣೆ ಕೊಡುವ 2012ರ ಪೋಕ್ಸೊ ಕಾಯ್ದೆ ಈ ಅಳುಕನ್ನು ಮೊದಲೇ ಊಹಿಸಿದೆ. ಮಗುವಿನ ಹೆಸರು, ಶಾಲೆ, ವಿಳಾಸ, ಫೋಟೊ ಯಾವುದನ್ನೂ ಪತ್ರಿಕೆಗಳು ಬಹಿರಂಗಪಡಿಸುವಂತಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು, ಆಗ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ. ಅಪ್ಪನೋ ಅಮ್ಮನೋ, ಮಗು ನಂಬುವ ಇನ್ನಾರಾದರೋ ಪಕ್ಕದಲ್ಲಿ ಕೂತಿರಬೇಕು.