ಹಡಗಿಗಿಂತ ಮೊದಲು ಬಂದರು ನೋಡಿ

ಅಮ್ಮನಿಗೆ ಅರವತ್ತೆರಡು, ಮಂಡಿನೋವು ಬೇರೆ. ಅವರನ್ನೂ ಕರ್ಕೊಂಡು ಮೊದಲ ಸಲ ಮೆಡಿಟರೇನಿಯನ್ ಕ್ರೂಸ್‌ಗೆ ಹೋಗೋಣ ಅಂತ ನಾನೂ ತಮ್ಮನೂ ಲೆಕ್ಕ ಹಾಕ್ತಿದ್ದೀವಿ. ಅವನು ಹಡಗಿನ ಈಜುಕೊಳ, ಬಫೆ ಫೋಟೋ ಕಳಿಸ್ತಾನೆ. ನಾನು ಬಂದರಿನ ಹೆಸರು ಹುಡುಕ್ತೀನಿ.

ಯಾಕಂದ್ರೆ ಪಟ್ಟಿಯಲ್ಲಿ 'ರೋಮ್' ಅಂತಿದ್ರೂ ಹಡಗು ನಿಲ್ಲೋದು ಚಿವಿತಾವೆಕ್ಯಾದಲ್ಲಿ. ಅಲ್ಲಿಂದ ರೋಮ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. 'ಫ್ಲಾರೆನ್ಸ್' ಅಂದ್ರೆ ಲಿವೋರ್ನೋ, ಅದು ಇನ್ನೂ ದೂರ. ನಾವೇ ಸುತ್ತೋಕೆ ಹೋಗಿ ತಡವಾದ್ರೆ ಹಡಗು ಕಾಯಲ್ಲ. ನೇಪಲ್ಸ್ ವಾಸಿ, ಬಂದರು ಊರೊಳಗೇ ಇದೆ. ಗ್ರೀಸ್‌ನ ಸ್ಯಾಂಟೋರಿನಿಯಲ್ಲಂತೂ ದೊಡ್ಡ ಹಡಗು ದಡಕ್ಕೇ ಬರಲ್ಲ. ಸಣ್ಣ ದೋಣಿಗೆ ಇಳಿದು ಹೋಗ್ಬೇಕು. ಆಮೇಲೆ ಮೇಲಿನ ಊರಿಗೆ ಕೇಬಲ್ ಕಾರ್ ಕ್ಯೂ, ಇಲ್ಲಾ ಸುಮಾರು 600 ಮೆಟ್ಟಿಲು. ಆ ರೂಟ್ ಅಲ್ಲೇ ಕೈಬಿಟ್ಟೆ.

ವೀಸಾನೂ ರೂಟ್ ಮೇಲೇ ನಿಂತಿದೆ. ಗ್ರೀಸ್‌ನಿಂದ ಟರ್ಕಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರೋ ಹಡಗಾದ್ರೆ ಮಲ್ಟಿಪಲ್ ಎಂಟ್ರಿ ಶೆಂಗೆನ್ ವೀಸಾನೇ ಬೇಕು. ಕನಿಷ್ಠ 30,000 ಯೂರೋ ವಿಮೆಯೂ ಕಡ್ಡಾಯ. ಅರ್ಜಿ 6 ತಿಂಗಳು ಮುಂಚೆಯೇ ಹಾಕ್ಬಹುದು.

ತಮ್ಮನಿಗೆ ರೋಮ್ ಬಿಡೋಕೆ ಮನಸ್ಸಿಲ್ಲ. ಸರಿ, ಹಡಗು ಹತ್ತೋಕೆ ಮುಂಚೆ ಎರಡು ದಿನ ಅಲ್ಲೇ ಉಳಿಯೋಣ ಅಂದೆ. ಅಮ್ಮ ಕೇಳಿದ್ದು ಒಂದೇ: "ಮೊಸರು ಸಿಗತ್ತೇನೋ?"