ಇಸಬು ಅಂಟುವುದಿಲ್ಲ



ನನ್ನ ತಮ್ಮನಿಗೆ ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ ಇಸಬು ಇದೆ. ಎಳ್ಳಮವಾಸಿ ದಿನ ಚರಗ ಚೆಲ್ಲಲು ಕಡಲಿ ಹೊಲಕ್ಕೆ ಹೋಗಿದ್ದೆವು. ಕಡಲಿ ಗಿಡದ ಹುಳಿ ತಾಗಿ ಅವನ ಒಡೆದ ಚರ್ಮ ಉರಿಯಿತು, ಅತ್ತ. ಊಟಕ್ಕೆ ಕೂತಾಗ ‘ಅವನ ಬಾಜೂಕ ಕೂಡಬ್ಯಾಡ್ರಿ, ಹತ್ತತೈತಿ’ ಅಂದರು. ನಾನೂ ದೂರ ಸರಿದೆ. ಆಮೇಲೆ ನಾಚಿಕೆಯಾಗಿ, ವಿಜ್ಞಾನದ ಗುರುಗಳನ್ನೂ ಡಾಕ್ಟರರನ್ನೂ ಕೇಳಿ ತಿಳಿದದ್ದನ್ನು ಬರೆದಿದ್ದೇನೆ.

ಚರ್ಮ ಒಂದು ಗೋಡೆ. ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಕೆಸರು. ಇಸಬು ಇದ್ದವರ ಗೋಡೆಯಲ್ಲಿ ಸಂದು ಇರುತ್ತವೆ. ಕೆಲವರಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಕಡಿಮೆ. ಇದು 2006ರಲ್ಲಿ ಗೊತ್ತಾಯಿತು. ನಮ್ಮ ಕಡೆಯ ಚಳಿಗಾಲದ ಒಣ ಗಾಳಿಗೆ ಸಂದು ಇನ್ನೂ ಬಿರಿಯುತ್ತವೆ.

ಆ ಸಂದಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಾಣುತ್ತದೆ. ಇದು ಆರೋಗ್ಯವಂತರ ಮೂಗಿನಲ್ಲೂ ಸುಮ್ಮನೆ ಇರುತ್ತದೆ. ಆದ್ದರಿಂದ ಇಸಬು ಇದ್ದವರು ಹೊಲಸು ಎನ್ನುವುದು ತಪ್ಪು.

ಅದು ವಿಷ ಬಿಡುತ್ತದೆ. ಆಲ್ಫಾ ವಿಷ ಚರ್ಮದ ಜೀವಕೋಶ ಒಡೆಯುತ್ತದೆ. ಡೆಲ್ಟಾ ವಿಷವು ಮಾಸ್ಟ್ ಕೋಶಗಳಿಂದ ತಿಂಡಿ ತರುವ ರಸಾಯನ ಹೊರಡಿಸುತ್ತದೆಂದು 2013ರಲ್ಲಿ ಇಲಿಗಳ ಪ್ರಯೋಗದಿಂದ ತಿಳಿಯಿತು. ಇನ್ನೊಂದು ಬಗೆಯ ವಿಷ, ಸೂಪರ್‌ಆಂಟಿಜೆನ್. ಒಬ್ಬ ಸುಳ್ಳೇ ‘ಬೆಂಕಿ ಬೆಂಕಿ’ ಅಂತ ಕೂಗಿದರೆ ಊರೆಲ್ಲ ಎದ್ದು ಓಡುವುದಿಲ್ಲವೆ? ಹಾಗೆ ರಕ್ಷಣೆಯ ಟಿ ಕೋಶಗಳು ಒಮ್ಮೆಲೇ ಎದ್ದುಬಿಡುತ್ತವೆ.

ಎದ್ದ ಕೋಶಗಳು ಇಂಟರ್‌ಲ್ಯೂಕಿನ್ ಎಂಬ ಸುದ್ದಿ ಕಳಿಸುತ್ತವೆ. 4 ಮತ್ತು 13ನೇ ನಂಬರಿನವು ಗೋಡೆ ಕಟ್ಟುವ ಪ್ರೋಟೀನನ್ನೇ ಕಡಿಮೆ ಮಾಡುತ್ತವೆ. 31ನೇದು ನರಕ್ಕೆ ‘ಕೆರಕೋ’ ಅನ್ನುತ್ತದೆ. ಕೆರೆದರೆ ಗೋಡೆ ಮತ್ತಷ್ಟು ಒಡೆಯುತ್ತದೆ, ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಗಾಣದ ಎತ್ತಿನಂತೆ ಸುತ್ತಿದ್ದೇ ಸುತ್ತು. ಅದಕ್ಕೇ ‘ಕೆರಕೋಬ್ಯಾಡ’ ಎಂದು ಬೈದರೆ ತಮ್ಮನಿಗೆ ತಡೆಯಲು ಆಗುವುದಿಲ್ಲ.

ಗೋಡೆಯ ದೋಷ ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ. ಆದರೆ ಕೀವು, ಜೇನಿನ ಬಣ್ಣದ ಹಕ್ಕಳೆ ಕಂಡರೆ ಡಾಕ್ಟರರಿಗೆ ತೋರಿಸಬೇಕು. ಆ ಸೋಂಕು ಹರಡಬಹುದು. ಕಜ್ಜಿ ಬೇರೆ ರೋಗ. ಅದು ಸಣ್ಣ ಹುಳದಿಂದ ಬರುತ್ತದೆ, ಹತ್ತುತ್ತದೆ.

ಮಾಡಬೇಕಾದದ್ದು:
1. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈ ತಿಕ್ಕದೆ ಒತ್ತಿ ಒರೆಸಿ.
2. ಹಸಿ ಆರುವ ಮುಂಚೆಯೇ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ.
3. ಉಗುರು ಕತ್ತರಿಸಿ.
4. ಡಾಕ್ಟರರನ್ನು ಕೇಳದೆ ಅಂಗಡಿಯ ಮುಲಾಮು ಹಚ್ಚಬೇಡಿ.

ತಮ್ಮನ ಉಗುರು ತೆಗೆಯುವುದು ಈಗ ನನ್ನ ಕೆಲಸ. ಊಟಕ್ಕೂ ಅವನ ಬಾಜೂಕೇ ಕೂಡುತ್ತೇನೆ. ನೀವೂ ಬಂದು ಕೂಡ್ರಿ.

– 9ನೇ ತರಗತಿಯ ವಿದ್ಯಾರ್ಥಿನಿ, ಮುಳಗುಂದ